ನೀವು ಅರ್ಧಕ್ಕೆ ಬಿಟ್ಟ ಸಿಲಿಂಡರ್ ಹೆಡ್

ಪ್ರೀತಿಯ ರಜಾಕಣ್ಣನಿಗೆ,

ನೀವು ಹೋದ ಸುದ್ದಿ ಬಂದಾಗ ನನಗೆ ಮೊದಲು ನೆನಪಾದದ್ದು ನಿಮ್ಮ ಮುಖವಲ್ಲ, ನನ್ನ ಜೀಪು. ಬೇಸರ ಮಾಡಿಕೊಳ್ಳಬೇಡಿ. ಎನ್.ಆರ್. ಪುರದ ನಿಮ್ಮ ರಿಪೇರಿ ಶೆಡ್ಡಿನಲ್ಲಿ ಅದು ಬಾನೆಟ್ ತೆರೆದುಕೊಂಡು, ಹಲ್ಲು ಕೀಳಿಸಿಕೊಳ್ಳಲು ಬಾಯಿ ಬಿಟ್ಟು ಕೂತವರ ಹಾಗೆ ನಿಂತಿತ್ತು. ಡಾಕ್ಟರೇ ಎದ್ದು ಹೋದರೆ ರೋಗಿ ಬಾಯಿ ಮುಚ್ಚುವುದು ಯಾವಾಗ? ನಿಮ್ಮ ಮುಖ ಆಮೇಲೆ ನೆನಪಾಯಿತು. ಆಮೇಲೆ ಏನಾಯಿತೆಂದರೆ... ಇರಲಿ, ಆ ವಿಷಯ ಬೇಡ.

ಶಿವಮೊಗ್ಗದ ಗುಜರಿಯಿಂದ ನೀವು ಆ ಹಳೆಯ ಹೆಡ್ ತಂದ ದಿನ ನಾನು ಶೆಡ್ಡಿನಲ್ಲೇ ಇದ್ದೆ. ನನ್ನ ಜೀಪಿನದು ಕಾದು ಬಿರುಕು ಬಿಟ್ಟಿತ್ತು. ಇಂಜಿನ್ನಿನ ಮೇಲೆ ಮುಚ್ಚಳದಂತೆ ಕೂರುವ ಆ ಕಬ್ಬಿಣದ ಗಟ್ಟಿಯನ್ನು ನೀವು ಬೆಂಚಿನ ಮೇಲಿಟ್ಟು, ಹಲಸಿನ ಹಣ್ಣು ಬಡಿದು ನೋಡುವವರ ಗಾಂಭೀರ್ಯದಲ್ಲಿ ಸ್ಪ್ಯಾನರಿನಿಂದ ಟಣ್ ಎಂದು ಬಡಿದು ಕಿವಿ ಕೊಟ್ಟಿರಿ. "ಗಂಟೆ ಮಾರಾಯ್ರೆ, ಗಂಟೆ! ಈ ಹೆಡ್ ನನ್ನನ್ನೂ ದಾಟಿ ಬಾಳುತ್ತೆ, ನಿಮ್ಮನ್ನೂ ದಾಟಿ ಬಾಳುತ್ತೆ." ಅರ್ಧ ಮಾತನ್ನು ಅಷ್ಟು ಬೇಗ ನಿಜ ಮಾಡಿ ತೋರಿಸುವ ಅಗತ್ಯ ಏನಿತ್ತು ನಿಮಗೆ?

ಕೊಪ್ಪದ ಸದಾನಂದನ ಗ್ಯಾರೇಜಿನಲ್ಲಿ ಈ ವಿಷಯ ಹೇಳಿದಾಗ ಅವನು ನಕ್ಕದ್ದು ನೆನಪಿದೆ. ಹಳೆಯದನ್ನು ಸರಿಮಾಡಬೇಕು ಎನ್ನುವುದು ನಿಮ್ಮ ಮತ, ಬಿಸಾಡಿ ಹೊಸದು ಹಾಕಬೇಕು ಎನ್ನುವುದು ಅವನ ಮತ. ಒಬ್ಬರ ಕೆಲಸವನ್ನು ಇನ್ನೊಬ್ಬರು ಒಳ್ಳೆಯದೆಂದು ಒಪ್ಪಿದ ದಾಖಲೆ ಮೂರು ತಾಲ್ಲೂಕಿನಲ್ಲಿ ಇಲ್ಲ. "ರಜಾಕ್ ಸಾಬ್ರು ಗುಜರಿ ಹೆಡ್ ಕೂರಿಸ್ತಾರಾ? ಹಾಗಾದ್ರೆ ನೀವು ಬಸ್ಸಿನ ಟೈಮು ಕೇಳಿಟ್ಕೊಳ್ಳಿ" ಅಂದ. ನಿಮಗೆ ತಂದು ಹೇಳಿದೆ. ನೀವು ತಲೆ ಎತ್ತದೆ, "ಅವ್ನಾ? ಹಾರನ್ ಕೆಟ್ರೆ ಗಾಡಿ ಬದಲಾಯ್ಸೋ ಜನ ಅವ್ನು" ಅಂದಿರಿ.

ನಿಮ್ಮ ಮನೆಯವರು ಜುಬೇದಕ್ಕ ತಮ್ಮ ಇದ್ದತ್ತಿನ ಶೋಕದ ದಿನಗಳು ಮುಗಿದ ಮೇಲೆ ನನ್ನನ್ನು ಕರೆಸಿದರು. ಶೆಡ್ಡನ್ನು ಖಾಲಿ ಮಾಡಿ ಬಾಡಿಗೆಗೆ ಕೊಡುವುದೆಂದು ತೀರ್ಮಾನವಾಗಿತ್ತು. "ಹಗ್ಗ ಕಟ್ಟಿ ಜೀಪು ಎಳ್ಕೊಂಡು ಹೋಗ್ತೇನೆ ಅಕ್ಕ" ಎಂದೆ. ಅವರು ಬಾಗಿಲಿಗೆ ಅಡ್ಡ ನಿಂತೇ ಬಿಟ್ಟರು. "ಬ್ಯಾಡ. ಇವ್ರು ಇದ್ದಷ್ಟು ಕಾಲ ಈ ಶೆಡ್ಡಿಂದ ಒಂದು ಗಾಡಿನೂ ಹಗ್ಗದಲ್ಲಿ ಹೋಗಿಲ್ಲ. ಕೊನೇ ಗಾಡಿ ಹಾಗೆ ಹೋದ್ರೆ ಪೇಟೇಲಿ ಎಂತ ಅಂತಾರೆ? ತಾನೇ ಓಡ್ಕೊಂಡು ಹೋಗ್ಲಿ. ಆಮೇಲೆ ಬೀಗ ಹಾಕ್ತೇನೆ." ಹಗ್ಗದ ಮಾತು ಬಿಟ್ಟು ಮೆಕ್ಯಾನಿಕ್ ಹುಡುಕಲು ಹೊರಟೆ. ನೀವೇ ಆಗಿದ್ದರೂ ಅವರ ಮಾತು ಮೀರುತ್ತಿರಲಿಲ್ಲ.

ಆದರೆ ನಿಮ್ಮ ಕುಲದ ಕಟ್ಟಳೆ ನಿಮಗೆ ಗೊತ್ತಲ್ಲ: ಇನ್ನೊಬ್ಬರು ಬಿಚ್ಚಿದ ಇಂಜಿನ್ನಿಗೆ ಕೈ ಹಾಕಬಾರದು, ಹಾಕಿದರೆ ಅವರ ತಪ್ಪೂ ನಮ್ಮ ತಲೆಗೆ. ಶೃಂಗೇರಿಯ ಮೆಕ್ಯಾನಿಕ್ ಬಲು ನಯವಾಗಿ, "ಬಿಚ್ಚಿದವ್ರೇ ಕಟ್ಬೇಕು ಮಾರಾಯ್ರೆ" ಅಂದ. ಬಿಚ್ಚಿದವರ ವಿಳಾಸ ಕೊಟ್ಟರೆ ಹೋಗಿ ಕರೆತರುತ್ತಾನೆಯೇ? ಕಮ್ಮರಡಿಯವನು ಫೋನನ್ನೇ ಎತ್ತಲಿಲ್ಲ. ಉಳಿದವನು ಸದಾನಂದ ಒಬ್ಬ. ಅವನಲ್ಲಿ ಹೋಗಿ, "ರಜಾಕಣ್ಣನ ಹೆಡ್ ಗುಜರಿ ಅಂತ ಸಾಬೀತು ಮಾಡ್ಲಿಕ್ಕೆ ನಿಂಗೆ ಇದೇ ಕೊನೇ ಅವಕಾಶ" ಎಂದೆ. ಮರುದಿನ ನನಗಿಂತ ಮೊದಲೇ ಶೆಡ್ಡಿನ ಮುಂದೆ ನಿಂತಿದ್ದ.

ನೀವು ಮುಚ್ಚಿಟ್ಟಿದ್ದ ಗೋಣಿಯನ್ನು ಅವನು ಸರಿಸಿದ ಕ್ಷಣ ಕಣ್ಣಿಗೆ ಕಟ್ಟಿದೆ. ಸೋರದ ಹಾಗೆ ಕೂರಲೆಂದು ಮೂರು ಸಿಲಿಂಡರಿನ ವಾಲ್ವ್ ತಿಕ್ಕಿ ಮುಗಿಸಿದ್ದಿರಿ, ನಾಲ್ಕನೆಯದು ಬಾಕಿ. ಸದಾನಂದ ಉಕ್ಕಿನ ಪಟ್ಟಿಯನ್ನು ಹೆಡ್ಡಿನ ಮೇಲೆ ಮೂಲೆಯಿಂದ ಮೂಲೆಗೆ ಇಟ್ಟು, ಅಡಿಯಲ್ಲಿ ಫೀಲರ್ ಗೇಜಿನ ತೆಳ್ಳನೆಯ ಎಲೆ ತೂರಿಸಲು ನೋಡಿದ. ಎಲ್ಲೂ ತೂರಲಿಲ್ಲ, ಹೆಡ್ ಎಲ್ಲೂ ಸೊಟ್ಟಗಿರಲಿಲ್ಲ. "ಲೇತಿನವ್ರು ಚೆನ್ನಾಗಿ ಸವರಿದ್ದಾರೆ" ಎಂದು ಹೊಗಳಿಕೆಯನ್ನು ಲೇತಿನವರಿಗೆ ದಾನ ಮಾಡಿದ. ವಾಲ್ವನ್ನು ಅದು ಓಡಾಡುವ ಕೊಳವೆಯಂಥ ಗೈಡಿನಲ್ಲಿ ಹಿಡಿದು ಅಲ್ಲಾಡಿಸಿದ, ಅಲುಗಲಿಲ್ಲ. "ಹೊಸ ಗೈಡ್ ಹಾಕಿದ್ರೆ ಯಾರು ಮಾಡಿದ್ರೂ ಹೀಗೇ ಇರುತ್ತೆ." ಪಾಪ, ಎಷ್ಟು ಕಷ್ಟಪಟ್ಟು ನಿಮ್ಮ ಹೆಸರು ತಪ್ಪಿಸುತ್ತಿದ್ದ!

ಕೊನೆಗೆ ಬಿರುಕು ಹುಡುಕುವ ಪರೀಕ್ಷೆ. ವಾಲ್ವ್‌ಗಳನ್ನೆಲ್ಲ ತೆಗೆದಿಟ್ಟು, ಹೆಡ್ಡಿಗೆ ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿದ. ಬಿರುಕಿದ್ದರೆ ಒಳಗೆ ಕೂತ ಎಣ್ಣೆ ಹೊರಗೆ ಬಂದು ಬಿಳಿ ಪುಡಿಯಲ್ಲಿ ಗೆರೆ ಮೂಡುತ್ತದೆ. ಸ್ವಲ್ಪ ಹೊತ್ತಿಗೆ ಮೂರನೇ ಸಿಲಿಂಡರಿನಲ್ಲಿ, ಎರಡು ವಾಲ್ವ್ ತೂತುಗಳ ನಡುವೆ ಸಣ್ಣ ಗೆರೆ! "ಸಿಕ್ತು!" ಎಂದು ಕೂಗಿದ. "ನಾನು ಹೇಳಿರ್ಲಿಲ್ವಾ? ಇದು ಗುಜರಿಗೇ!" ಚಹಾದ ತಟ್ಟೆ ಹಿಡಿದು ಬಂದ ಜುಬೇದಕ್ಕ ಬಾಗಿಲಲ್ಲೇ ನಿಂತರು. ಹೆಡ್ಡಿನ ಮೇಲಿನ ಆ ಗೆರೆಯನ್ನೇ ನೋಡಿದರು. ಸದಾನಂದ ತಿರುಗಿ ಅವರನ್ನು ಕಂಡ.

ಅವನು ಬಗ್ಗಿ ಉಗುರಿನಿಂದ ಆ ಗೆರೆಯನ್ನು ಕೆರೆದ. ಗೆರೆ ಎದ್ದು ಬಂತು! ರಜಾಕಣ್ಣ, ಅದು ಬಿರುಕಲ್ಲ, ನಿಮ್ಮ ಗಡ್ಡದ ಕೂದಲು. ಮದರಂಗಿ ಹಚ್ಚಿದ ಕೆಂಪು ಕೂದಲು, ವಾಲ್ವ್ ತಿಕ್ಕುವ ಪೇಸ್ಟಿಗೆ ಅಂಟಿಕೊಂಡು ಕೂತಿತ್ತು. ಸದಾನಂದ ಅದನ್ನು ಎರಡು ಬೆರಳಲ್ಲಿ ಹಿಡಿದು ನಿಂತುಬಿಟ್ಟ. ಬಿಸಾಡಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಅವನೇನು ನಿಮ್ಮ ಸಂಬಂಧಿಯೇ? ಜುಬೇದಕ್ಕ ತಟ್ಟೆ ಕೆಳಗಿಟ್ಟು ಕೈ ಚಾಚಿದರು. "ಬಗ್ಗಿ ಕೆಲಸ ಮಾಡ್ಬೇಕಾದ್ರೆ ಗಡ್ಡಕ್ಕೊಂದು ಬಟ್ಟೆ ಕಟ್ಕೊಳ್ರೀ ಅಂದ್ರೆ ಕೇಳ್ತಿರ್ಲಿಲ್ಲ ಇವ್ರು" ಎಂದು ನಕ್ಕರು. ನೀವು ಹೋದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಆಗಲೇ. ಸದಾನಂದ ಮತ್ತೆ ಎಣ್ಣೆ ಸವರಿ ಪುಡಿ ಉದುರಿಸಿದ. ಎಷ್ಟು ಕಾದರೂ ಗೆರೆ ಬರಲಿಲ್ಲ.

ನಾಲ್ಕನೇ ಸಿಲಿಂಡರಿನ ವಾಲ್ವ್ ತಿಕ್ಕಲು ಅವನು ಕೂತದ್ದು ನಿಮ್ಮದೇ ಸ್ಟೂಲಿನ ಮೇಲೆ. ಅವನ ಗ್ಯಾರೇಜಿನಲ್ಲಿ ಅದಕ್ಕೆ ಮೆಷಿನ್ ಇದೆ. ಆದರೂ ನಿಮ್ಮ ರಬ್ಬರ್ ತುದಿಯ ಕೋಲನ್ನೇ ಎರಡು ಅಂಗೈಗಳ ನಡುವೆ, ಮಜ್ಜಿಗೆ ಕಡೆಯುವಂತೆ ತಿರುಗಿಸುತ್ತಾ ಹೋದ. ಆಮೇಲೆ ಎಲ್ಲ ವಾಲ್ವ್ ಸ್ಪ್ರಿಂಗ್ ಹಾಕಿ ಕೂರಿಸಿ, ಹೆಡ್ಡನ್ನು ಮಗುಚಿಟ್ಟು ಗುಳಿಗಳಿಗೆ ಸೀಮೆಎಣ್ಣೆ ಸುರಿದ. ಅವನು ತಿಕ್ಕಿದ್ದು ಸೋರಲಿಲ್ಲ. ನೀವು ತಿಕ್ಕಿದವುಗಳಲ್ಲಿ ಒಂದು ವಾಲ್ವ್ ತುಸು ಜಿನುಗಿತು. ಊರಿಗೆಲ್ಲ ಡಂಗುರ ಹೊಡೆಸುತ್ತಾನೆ ಎಂದುಕೊಂಡೆ. ಜುಬೇದಕ್ಕನ ಕಡೆ ಒಮ್ಮೆ ನೋಡಿ, ಸುಮ್ಮನೆ ಆ ವಾಲ್ವ್ ಬಿಚ್ಚಿ ಮತ್ತೆ ತಿಕ್ಕಿ ಕೂರಿಸಿದ.

ಜೀಪು ಸ್ಟಾರ್ಟ್ ಆದದ್ದು ಅದಾದ ಎರಡು ದಿನಕ್ಕೆ. ಕೆಮ್ಮಿತು, ಉಗುಳಿತು, ಶೆಡ್ಡಿನ ತುಂಬ ಹೊಗೆ ಹಾಕಿತು, ಆಮೇಲೆ ಹದಕ್ಕೆ ಬಂತು. ಜುಬೇದಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು "ಹೊಗೆ" ಅಂದರು. ನಾವೂ ಹೊಗೆ ಎಂದೇ ಒಪ್ಪಿಕೊಂಡೆವು. ಸದಾನಂದ ಸ್ಟಿಯರಿಂಗ್ ಹಿಡಿದು ಪೇಟೆಯ ನಡುವಿನಿಂದಲೇ, ಬೇಕೆಂದೇ ಹಾರನ್ ಒತ್ತುತ್ತಾ ಹೊರಟ.

ಕೊಪ್ಪದ ದಾರಿಯಲ್ಲಿ ಏರು ಹತ್ತಿ ಮುಗಿಸಿದ ಮೇಲೆ ಅವನು ಜೀಪು ಬದಿಗೆ ಹಾಕಿ ಬಾನೆಟ್ ತೆಗೆದ. ಹೆಡ್ ಕೂತ ಅಂಚಿನುದ್ದಕ್ಕೂ ಕಣ್ಣಾಡಿಸಿದ. ನೀರಿಲ್ಲ, ಎಣ್ಣೆಯಿಲ್ಲ. ಕೈ ಒರೆಸಿಕೊಳ್ಳುತ್ತಾ ನನ್ನ ಕಡೆ ತಿರುಗಿದ.

"ನೀವು ಬರೀತೀರಲ್ಲ ಮಾರಾಯ್ರೆ. ಅವ್ರಿಗೊಂದು ಬರ್ದುಬಿಡಿ" ಅಂದ.

"ಎಂತ ಅಂತ ಬರೀಲಿ?"

"ಹೆಡ್ ಒಳ್ಳೇದಿತ್ತು ಅಂತ." ಬಾನೆಟ್ ಮುಚ್ಚಿದ. "ಆ ಒಂದು ವಾಲ್ವ್ ಜಿನುಗಿದ್ದು ಬರೀಬೇಡಿ."

ನಿಮ್ಮ,
ಜೀಪಿನವನು