ಮಾರಿಕುಪ್ಪಂ ರೈಲಿನ ಅಂತಿಮ ವೇಗ

ಆಂಡರ್ಸನ್‌ಪೇಟೆ
22–8–2024, ಗುರುವಾರ ಸಂಜೆ

ಪ್ರೀತಿಯ ರಾಧಮ್ಮಾ,

ಇಲ್ಲ, ನಿನ್ನೆ ಫೋನಿನಲ್ಲಿ ನೀನು ಹೇಳಿದ್ದಕ್ಕೆ ನಾನಿನ್ನೂ ಒಪ್ಪಿಲ್ಲ. ನವ್ಯ ಬಂಗಾರಪೇಟೆಯಲ್ಲಿ ನಿನ್ನ ಮಾವನವರ ಮನೆಯಲ್ಲಿದ್ದು ಅಲ್ಲಿಂದಲೇ ಸ್ಕೂಲಿಗೆ ಬರಲಿ ಅಂದೆಯಲ್ಲ, ಅದಕ್ಕೇ ನಾನು ಫೋನ್ ಇಟ್ಟುಬಿಟ್ಟೆ. ಕೋಪ ಬೇಡ. ನಿನ್ನ ಬೆನ್ನುನೋವು ಹೇಗಿದೆ? ವರ್ಗವಾಗಿ ಹೋದ ಬೀದರಿನ ಆಸ್ಪತ್ರೆಯಲ್ಲಿ ಡ್ಯೂಟಿ, ಊಟ ಸರಿಹೋಗುತ್ತಿದೆಯಾ? ನನ್ನ ಮಂಡಿ ಪರವಾಗಿಲ್ಲ.

ನಿಮ್ಮಮ್ಮ ಹೋದ ಮೇಲೆ ಈ ಮನೆಯಲ್ಲಿ ಮಾತು ಅಂತ ಇರುವುದು ನಿನ್ನ ಮಗಳ ಹೋಂವರ್ಕಿನ ಹೊತ್ತಿನಲ್ಲಿ ಮಾತ್ರ. ಅದನ್ನೂ ಬೀಗರು ಕಿತ್ತುಕೊಳ್ಳಬೇಕಾ? ನಾನು ಪಿಯುಸಿ ಸೈನ್ಸ್ ಓದಿದವನು. ‘ವಿ ಈಸ್ ಈಕ್ವಲ್ ಟು ಯು ಪ್ಲಸ್ ಎಟಿ’, ಇವತ್ತಿಗೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ನಿನ್ನ ಮಾವ ಜಯರಾಮಪ್ಪನವರು ಹಾಲಿನ ಕ್ಯಾನು ಹೊತ್ತು ರೈಲ್ವೆ ಗೇಟಿನಲ್ಲಿ ನಿಂತವರು, ಏಳನೇ ಕ್ಲಾಸು. ಆದರೂ ಹೋದ ಭಾನುವಾರ ನಾವು ಅಲ್ಲಿಗೆ ಹೋದಾಗ ನವ್ಯಳ ಟೆಸ್ಟ್ ಪೇಪರು ಮುಂದಿಟ್ಟುಕೊಂಡು ದೊಡ್ಡ ಪ್ರೊಫೆಸರ್ ಥರ ಕೂತಿದ್ದರು. ಸ್ಟೇಷನ್ ದಾಟುವಾಗ ರೈಲಿನ ವೇಗ ಸೆಕೆಂಡಿಗೆ ಎಂಟು ಮೀಟರ್, ಆಮೇಲೆ ಪ್ರತಿ ಸೆಕೆಂಡಿಗೂ ಅರ್ಧ ಮೀಟರ್ ಏರುತ್ತದೆ, ಇಪ್ಪತ್ತು ಸೆಕೆಂಡಿನ ನಂತರ ಎಷ್ಟು? ಇವಳು ಹತ್ತು ಅಂತ ಬರೆದಿದ್ದಳು. ಸೊನ್ನೆ ಮಾರ್ಕು.

“ಏರಿದ್ದು ಅತ್ತು ಸರಿ ಕಣಮ್ಮ, ಮೊದ್ಲೇ ಇದ್ದ ಎಂಟು ಎಲ್ಲೋಯ್ತು? ನಮ್ಮೂರಾಗೆ ನಿಲ್ದೇ ಓಗೋ ರೈಲೂ ಅವೆ!” ಅಂದು ನನ್ನ ಕಡೆ ನೋಡಿ, “ಏನ್ ಬೀಗ್ರೇ, ಕಾಲೇಜು ಓದ್ದೋರು ಮನ್ಯಾಗಿದ್ದೂ ಇಂಗಾ?” ಅಂತ ನಕ್ಕರು. ನವ್ಯಳೂ ನಕ್ಕಳು. ನನ್ನ ಜೊತೆ ಲೆಕ್ಕ ಮಾಡುವಾಗ ಒಂದು ದಿನವೂ ಅವಳು ಹಾಗೆ ನಕ್ಕಿಲ್ಲ, ರಾಧಾ. ವಾಪಸ್ ಬರುವಾಗ ರೈಲಿನಲ್ಲೆಲ್ಲ ‘ಆ ತಾತ ಹಾಗಂದರು, ಆ ತಾತ ಹೀಗಂದರು’. ನಾನು ಕಿಟಕಿಯಾಚೆ ನೋಡುತ್ತಾ ಬಂದೆ.

ಬೆಳಕು ಹೋಗುತ್ತಿದೆ, ಸಾಲುಗಳು ಸೊಟ್ಟಗಾಗುತ್ತಿವೆ. ಆರೋಗ್ಯ ನೋಡಿಕೋ, ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ಚಲಪತಿ

ಅವಸರದಲ್ಲಿ ಇನ್ನೊಂದು: ಆ ಲೆಕ್ಕ ತಪ್ಪಿದ್ದು ನವ್ಯ ಅಲ್ಲ, ನಾನು. ಟೆಸ್ಟಿಗೆ ಮುಂಚೆ ‘ರೈಲು ಅಂದರೆ ಸ್ಟಾರ್ಟಿಂಗ್ ಫ್ರಮ್ ರೆಸ್ಟ್, ಕಣ್ಮುಚ್ಚಿ ಯು, ಅಂದರೆ ಮೊದಲ ವೇಗ, ಸೊನ್ನೆ ಹಾಕು’ ಅಂತ ಹೇಳಿಕೊಟ್ಟಿದ್ದೆ. ಮೂವತ್ತು ವರ್ಷ ಮಾರಿಕುಪ್ಪಂನಲ್ಲಿ, ಲೈನು ಶುರುವಾಗುವ ಕಡೆಯೇ, ನಿಂತ ರೈಲು ಹತ್ತಿದವನಿಗೆ ಬೇರೆ ರೈಲು ಹೊಳೆಯಲೇ ಇಲ್ಲ. ಬೀಗರ ಮುಂದೆ ಅವಳು “ನಾನೇ ಮರ್ತೆ ತಾತ” ಅಂದಳು. ನಾನು ಕಾಫಿ ಕುಡಿಯುತ್ತಾ ಕೂತಿದ್ದೆ. ನೀನಂದ ಹಾಗೆ ಅವಳು ಬಂಗಾರಪೇಟೆಯಲ್ಲೇ ಇರಲಿ. ಭಾನುವಾರ ನಾನೇ ಬಿಟ್ಟು, ಅವರಿಗೆ ನಿಜ ಹೇಳಿ ಬರುತ್ತೇನೆ. ಆದರೆ ಶನಿವಾರ ಶನಿವಾರ ಇಂಗ್ಲಿಷ್ ಪಾಠಕ್ಕೆ ನನ್ನ ಹತ್ತಿರವೇ ಬರಬೇಕು. ಅದಕ್ಕೂ ಬೀಗರು ಕೈಹಾಕಿದರೆ ನಾನು ಸುಮ್ಮನಿರುವುದಿಲ್ಲ, ಹೇಳಿಬಿಡು.