ಮಾವನ ಲಾರಿಗೆ ಎರಡು ಸೆಲ್ಲೇ ಸಾಕು

ಮಾವ,

ಡ್ಯೂಟಿಗೆ ಹೊರಟೆ. ನಿಮ್ಮನ್ನು ಎಬ್ಬಿಸಲು ಮನಸ್ಸು ಬರಲಿಲ್ಲ.

ನಿಮ್ಮ ರಿಮೋಟ್ ಲಾರಿಯ ಹಳೇ ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡಿದೆ. ಅದನ್ನು ಹೊರಗೆ ಮರಳಿನ ಬಕೆಟ್ಟಿನಲ್ಲಿ ಇಟ್ಟಿದ್ದೇನೆ. ಚಾರ್ಜಿಗೆ ಹಾಕಲೇಬೇಡಿ, ಬೆಂಕಿ ಹತ್ತಿಕೊಂಡೀತು.

ಹೊಸದು ಮೇಜಿನ ಮೇಲಿದೆ. ಮೂರು ಸೆಲ್ಲಿನದೇ ಬೇಕೆಂದು ಹಟ ಹಿಡಿದಿದ್ದಿರಿ, ನಾನು ಎರಡರದ್ದು ತಂದೆ. ಸಿಟ್ಟಾಗಬೇಡಿ. ಅಂಗಡಿಯವರು ಲಾರಿಯನ್ನು ತಿರುಗಿಸಿ ನೋಡಿ, "ಮೂರು ಸೆಲ್ ಹಾಕಿದ್ರೆ ಬಾಣದ ಥರ ಓಡುತ್ತೆ, ಆಮೇಲೆ ಮೋಟರ್ ಸುಟ್ಟು ಕೂರುತ್ತೆ" ಅಂದರು. ನಾನು ತಂದದ್ದು ಬ್ಯಾಟರಿಯ ಜಾಗದಲ್ಲಿ ಸರಿಯಾಗಿ ಕೂರುತ್ತದೆ, ಪ್ಲಗ್ಗೂ ಹೊಂದುತ್ತದೆ. ಲಾರಿ ನಿಧಾನವಾದ ಕೂಡಲೇ ನಿಲ್ಲಿಸಿಬಿಡಿ. ಹಳೆಯದನ್ನು ಉಸಿರು ನಿಲ್ಲುವ ತನಕ ಓಡಿಸಿಯೇ ಕೆಡಿಸಿದ್ದು. ಚಾರ್ಜಿಗೆ ಹಾಕಿದಾಗ ಪಕ್ಕದಲ್ಲೇ ಕೂತಿರಿ, ಟಿವಿ ಮುಂದೆ ಹೋಗಬೇಡಿ.

ಕಣ್ಣು ಮಂಜಾಗಿದೆಯೆಂದು ಆರ್‌ಟಿಒ ಕಚೇರಿಯವರು ಲಾರಿ ಓಡಿಸುವ ಲೈಸೆನ್ಸ್ ಮತ್ತೆ ಕೊಡದೆ ವಾಪಸು ಕಳಿಸಿದ ಮೇಲೆ ನೀವು ಯಾರೊಂದಿಗೂ ಸರಿಯಾಗಿ ಮಾತಾಡಿರಲಿಲ್ಲ. ಈ ಪುಟ್ಟ ಲಾರಿ ಬಂದ ಮೇಲೆಯೇ ನಿಮ್ಮ ನಗು ಮತ್ತೆ ಕೇಳಿದ್ದು. ನಿನ್ನೆ ನಿಮ್ಮ ಮಗ "ಈ ವಯಸ್ಸಲ್ಲಿ ಆಟದ ಸಾಮಾನು ಯಾಕಪ್ಪಾ" ಅಂದಾಗ ನೀವು ಊಟ ಬಿಟ್ಟು ಎದ್ದಿರಿ. ನಾನು ಅವರಿಗೆ ಸರಿಯಾಗಿ ಬಿಡಿಸಿ ಹೇಳಿದೆ. ಇವತ್ತು ಬೆಳಿಗ್ಗೆ ನಾನು ಎದ್ದು ನೋಡಿದರೆ ಅವರು ಹಳೇ ಹಲ್ಲುಜ್ಜುವ ಬ್ರಷ್ ಹಿಡಿದು ನಿಮ್ಮ ಲಾರಿಯ ಚಕ್ರಗಳ ಮಣ್ಣು ಉಜ್ಜುತ್ತ ಕೂತಿದ್ದರು.

ಸಂಜೆ ನೀವು ಲಾರಿ ಓಡಿಸುವ ಮೈದಾನಕ್ಕೆ ಅವರು ಬಂದು ಸುಮ್ಮನೆ ನಿಂತರೆ, ನೀವೇ ಕರೆದು ರಿಮೋಟ್ ಕೈಗೆ ಕೊಡಿ. ಬಾಯಿಬಿಟ್ಟು ಕೇಳುವವರಲ್ಲ ಅವರು, ಥೇಟ್ ನಿಮ್ಮ ಹಾಗೆ.

ಸೊಸೆ