ಜಸಿಂತಾ ಸಿದ್ದಿಗೆ ಎಳೆದ ಗೆರೆ

ಧಾರವಾಡ, ಫೆಬ್ರವರಿ 30, 2147

ನೂರಿಪ್ಪತ್ತು ವರ್ಷ ಹಿಂದಿನ ಹಿರಿಯರಿಗೆ ಶಂಭುಲಿಂಗ ಕೊಣ್ಣೂರನ ನಮಸ್ಕಾರ.

ತಾರೀಖು ತಪ್ಪಿಲ್ಲ, ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಬೇಕು. ನಮ್ಮ ಮಕ್ಕಳು ಬಯಲಿನಲ್ಲಿ ಓಡುವುದಿಲ್ಲ, ಬಿಸಿಲು ಕೊಲ್ಲುತ್ತದೆ. ಆಟೋಟಗಳೆಲ್ಲ ನೆರಳುಗೂಡಿನಲ್ಲಿ, ಅಂದರೆ ಚಾವಣಿ ಹೊದಿಸಿ ತಂಪು ಮಾಡಿದ ಉದ್ದನೆಯ ಅಂಗಳದಲ್ಲಿ. ಅಲ್ಲಿ ಸುಣ್ಣದ ಗೆರೆ ಎಳೆದು, ಓಟಕ್ಕೆ ಪಿಸ್ತೂಲು ಹಾರಿಸುವುದು ನನ್ನ ಕೆಲಸವಾಗಿತ್ತು.

ಜಸಿಂತಾ ಹಳಿಯಾಳದ ಕಡೆಯ ಸಿದ್ದಿ ಹುಡುಗಿ. ಆಫ್ರಿಕಾದಿಂದ ಬಂದು ನಮ್ಮ ಕಾಡಂಚಿನಲ್ಲಿ ನೆಲೆನಿಂತ ಆ ಜನ ನಿಮಗೂ ಗೊತ್ತು. ಹದಿನೈದಕ್ಕೇ ನೂರು ಮೀಟರಿನಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಸೋತ ಮಕ್ಕಳ ತಂದೆತಾಯಿಗಳು ಕ್ರೀಡಾ ಮಂಡಳಿಗೆ ದೂರು ಕೊಟ್ಟರು. ಮಂಡಳಿ ‘ಹುಟ್ಟುಗೆರೆ’ ತಂದಿತು: ಸಿದ್ದಿ ಮಕ್ಕಳು ಉಳಿದವರಿಗಿಂತ ಮೂರು ಮೀಟರ್ ಹಿಂದಿನಿಂದ ಓಡಬೇಕು. ಅದನ್ನು ನಾನೇ ಎಳೆದೆ. ಅವಳು ಗೆದ್ದಳು. ಐದು ಮೀಟರಿಗೆ ಸರಿಸಿದೆವು. ಆಗಲೂ ಗೆದ್ದಳು.

ಹದಿನೇಳರಲ್ಲಿ, ರಾಜ್ಯದ ಕೊನೆಯ ಸುತ್ತಿನ ದಿನ, ಗೆರೆ ಎಂಟು ಮೀಟರ್ ಹಿಂದಕ್ಕೆ ಹೋಗಿತ್ತು. ಜಸಿಂತಾ ನೇರವಾಗಿ ಬಂದು ಉಳಿದ ಹುಡುಗಿಯರ ಸಾಲಿನಲ್ಲೇ ನಿಂತಳು.

“ಹಿಂದಕ್ಕ ಹೋಗವ್ವಾ, ನಿನ್ನ ಗೆರಿ ಅಲ್ಲೈತಿ,” ಎಂದೆ.

“ಇನ್ನ ಎಷ್ಟ ಹಿಂದಕ್ಕ ಹೋಗ್ಲಿ ಸರ್? ಗ್ವಾಡಿ ಬಂತು.”

ಅವಳಿಗೆ ಎಳೆದ ಗೆರೆಯ ಹಿಂದೆ ನಿಜಕ್ಕೂ ಗೋಡೆಯಿತ್ತು. ಮಂಡಳಿಯ ಅಧ್ಯಕ್ಷರು ಮೇಲಿನ ಆಸನದಿಂದ, ಓಟ ಶುರುವಾಗಲಿ ಎಂದು ಕೈ ಬೀಸಿದರು. ನಾನು ಪಿಸ್ತೂಲು ಹಾರಿಸಿದೆ. ಅವಳು ಮುಗಿಸಿದಾಗ ಎರಡನೆಯವಳು ಇನ್ನೂ ಎಷ್ಟೋ ಹಿಂದಿದ್ದಳು. ಜನ ಚಪ್ಪಾಳೆ ತಟ್ಟಲಿಲ್ಲ. ಕೆಲವರು ಮಂಗನಂತೆ ಕೂಗಿದರು.

ಅವಳ ಓಟವನ್ನು ದಾಖಲೆಯಿಂದ ಅಳಿಸಿದರು. ಎರಡನೆಯವಳು ಚಿನ್ನ ಹಾಕಿಕೊಂಡು ನಗುತ್ತ ಫೋಟೊಗೆ ನಿಂತಳು. ಗೆರೆ ಮೀರಿದ ತಪ್ಪಿಗೆ ಜಸಿಂತಾಳ ಕಾಲಿಗೆ ‘ಕಾಲುಬೇಲಿ’ ಹಾಕುವ ತೀರ್ಪಾಯಿತು. ಅದೊಂದು ಕಬ್ಬಿಣದ ಬಳೆ. ನಡಿಗೆ ಓಟವಾದ ಕೂಡಲೇ ಚೀರುತ್ತದೆ, ಕಾಲನ್ನು ಮರಗಟ್ಟಿಸಿ ಕೆಡವುತ್ತದೆ. ಅದಕ್ಕೆ ಬೀಗ ಹಾಕುವಾಗ ಅವಳ ಕಾಲು ಅಲುಗದಂತೆ ಹಿಡಿದುಕೊಂಡವನು ನಾನು. ಅವಳು ನನ್ನ ಮುಖ ನೋಡಲಿಲ್ಲ.

ಮರುಬೇಸಿಗೆ ಅವಳ ತಾಯಿ ಬಿಸಿಲಿನ ಹೊಡೆತಕ್ಕೆ ಮನೆಯ ಅಂಗಳದಲ್ಲೇ ಕುಸಿದರು. ಡಾಕ್ಟರರ ಮನೆ ಎರಡು ಕಿಲೋಮೀಟರ್. ಜಸಿಂತಾ ಓಡಿದಳು, ಬಿದ್ದಳು. ಎದ್ದು ಓಡಿದಳು, ಮತ್ತೆ ಬಿದ್ದಳು. ನಾಲ್ಕನೆಯ ಸಲ ಬಿದ್ದ ಮೇಲೆ, ರಾಜ್ಯದಲ್ಲೇ ಅತಿ ವೇಗದ ಆ ಹುಡುಗಿ ನಡೆದುಕೊಂಡು ಹೋದಳು. ಡಾಕ್ಟರು ಬಂದಾಗ ತಾಯಿಯ ಮೈ ತಣ್ಣಗಾಗಿತ್ತು.

ಸುದ್ದಿ ಕೇಳಿ ಕೆಲಸ ಬಿಟ್ಟೆ. ಅವಳ ಮನೆಗೆ ಹೋಗಿ ಅಳುತ್ತ ಕೈ ಮುಗಿದೆ.

“ನಿಮ್ಮ ಅಳು ತಗೊಂಡ ನಾ ಏನ್ ಮಾಡ್ಲಿ? ಇದನ್ನ ಬಿಚ್ಚಸ್ರಿ,” ಎಂದು ಕಾಲು ಮುಂದಿಟ್ಟಳು.

ಹನ್ನೊಂದು ವರ್ಷದಿಂದ ಅರ್ಜಿ ಕೊಡುತ್ತಲೇ ಇದ್ದೇನೆ. ಇನ್ನೂ ಬಿಚ್ಚಿಸಲು ಆಗಿಲ್ಲ.

ಹುಟ್ಟುಗೆರೆಯ ಕಾಯ್ದೆಗೆ ಆಧಾರವಾಗಿ ಮಂಡಳಿ ಮುಂದಿಟ್ಟದ್ದು ನಿಮ್ಮ ಕಾಲದ ಒಂದು ಹೊಗಳಿಕೆಯನ್ನು: ‘ಓಟ ಅವರ ರಕ್ತದಲ್ಲೇ ಇದೆ.’ ನೀವು ಅದನ್ನು ಪ್ರೀತಿಯಿಂದಲೇ ಹೇಳಿದ್ದಿರಬಹುದು. ನನ್ನ ಬೇಡಿಕೆ ಇಷ್ಟೇ. ಇವತ್ತು ಮೈದಾನದ ಅಂಚಿನಲ್ಲಿ ಯಾರಾದರೂ ಓಡುತ್ತಿರುವ ಸಿದ್ದಿ ಹುಡುಗಿಯನ್ನು ನೋಡಿ ಹಾಗೆಂದರೆ ಅಲ್ಲೇ ತಡೆಯಿರಿ. ಆ ಹುಡುಗಿ ಪ್ರತಿದಿನ ಬೆಳಗಿನ ಐದಕ್ಕೆ ಎದ್ದು ಅಭ್ಯಾಸ ಮಾಡಿದ್ದಾಳೆ ಎಂದು ಹೇಳಿ.